ಚಿತ್ರ ತೆಗೆದವಳೇ ಮಾತಾಡಲಿ

ಮಂಗಳೂರು ನಗರದ ಪ್ರಾಥಮಿಕ ಶಾಲೆಗಳ ಶಿಕ್ಷಕಿಯರಿಗೆ, ಶಿಕ್ಷಕರಿಗೆ ಒಂದು ಬಹಿರಂಗ ಪತ್ರ

ಪ್ರೀತಿಯ ಟೀಚರುಗಳೇ, ಮಾಸ್ಟ್ರುಗಳೇ,

ಸ್ಕೂಲ್ ಡೇಯ ತಯಾರಿ ಶುರುವಾಗುವ ಮೊದಲೇ ನಿಮಗೆ ಇದನ್ನು ಬರೆಯುತ್ತಿದ್ದೇನೆ. ಡ್ಯಾನ್ಸಿನ ಪ್ರಾಕ್ಟೀಸು, ಬಾಡಿಗೆಯ ಡ್ರೆಸ್ಸು, ಶಾಮಿಯಾನ, ಅತಿಥಿಗಳ ಪಟ್ಟಿ ಎಂದು ಒಮ್ಮೆ ಹಿಡಿಯಿತೆಂದರೆ ಬೇರೆ ಯಾವ ಮಾತಿಗೂ ನಿಮಗೆ ಪುರುಸೊತ್ತು ಇರುವುದಿಲ್ಲ.

ನಾನು ಹೋಗಿ ಬರುವ ಶಾಲೆಗಳಲ್ಲಿ ಮಕ್ಕಳು ಈಗ ಕ್ರೇಯಾನಿನ ಜೊತೆಗೆ ಮೊಬೈಲಿನಲ್ಲಿಯೂ ಚಿತ್ರ ಮಾಡುತ್ತಿದ್ದಾರೆ. ಹೆಚ್ಚಿನ ಕಡೆ ಆ ಮೊಬೈಲು ನಿಮ್ಮದೇ. ನಿಮ್ಮ ಫೋನು, ನಿಮ್ಮ ಡೇಟಾ, ನಿಮ್ಮ ಮಧ್ಯಾಹ್ನದ ವಿರಾಮ. ಅಜ್ಜಿಯ ಕೈಯ ಫೋಟೊ, ಮಳೆಗಾಲದ ಅಂಗಳದ ವಿಡಿಯೊ, ದಕ್ಕೆಯಲ್ಲಿ ಬೋಟು ಬಂದಾಗಿನ ಗಲಾಟೆಯ ರೆಕಾರ್ಡಿಂಗು, ಮಣ್ಣಿನ ಗೊಂಬೆಗಳನ್ನು ಚೂರುಚೂರೇ ಸರಿಸಿ ಫೋಟೊ ತೆಗೆದು ಮಾಡುವ ಸ್ಟಾಪ್ ಮೋಷನ್ ಸಿನಿಮಾ. ಎಂಟು ಒಂಬತ್ತು ವರ್ಷದ ಮಕ್ಕಳು ಇವನ್ನೆಲ್ಲ ಮಾಡುತ್ತಿದ್ದಾರೆ ಎಂದರೆ ಅದರ ಹಿಂದೆ ನೀವಿದ್ದೀರಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದೆ ನಾನು ಕೇಳುವುದು ಇನ್ನಷ್ಟನ್ನು.

ಮಾಡಿ ಮುಗಿದ ಮೇಲೆ ಆ ಕೆಲಸಕ್ಕೆ ಏನಾಗುತ್ತದೆ? ಎಲ್ಲವನ್ನೂ ಸೇರಿಸಿ ಒಂದು ವಿಡಿಯೊ. ಅದಕ್ಕೊಂದು ಹಿನ್ನೆಲೆ ಸಂಗೀತ. ಸ್ಕೂಲ್ ಡೇಯಂದು ಎರಡು ಡ್ಯಾನ್ಸುಗಳ ನಡುವೆ, ಮುಂದಿನ ತಂಡ ಡ್ರೆಸ್ಸು ಬದಲಿಸುವಷ್ಟು ಹೊತ್ತು, ಪರದೆಯ ಮೇಲೆ ಓಡಿಸುತ್ತೇವೆ. ನಿರೂಪಕರು ಟೀಚರು ಬರೆದುಕೊಟ್ಟ ನಾಲ್ಕು ಸಾಲು ಓದುತ್ತಾರೆ. ಚಪ್ಪಾಳೆ. ರಾತ್ರಿ ವಾಟ್ಸ್ಆ್ಯಪ್ ಸ್ಟೇಟಸ್ಸು. ಮರುದಿನ ಫೈಲು ಎಲ್ಲಿ ಹೋಯಿತು ಎಂದು ಯಾರಿಗೂ ಗೊತ್ತಿರುವುದಿಲ್ಲ. ಇಷ್ಟೆಲ್ಲದರ ನಡುವೆ ಆ ಫೋಟೊ ತೆಗೆದ ಮಗು ಒಂದು ಮಾತೂ ಆಡಿರುವುದಿಲ್ಲ. ತೆಗೆದ ಇಪ್ಪತ್ತರಲ್ಲಿ ಯಾವುದನ್ನು ತೋರಿಸಬೇಕು ಎಂದು ಅವಳನ್ನು ಯಾರೂ ಕೇಳಿರುವುದಿಲ್ಲ, ಹೆಸರು ಏನಿಡುತ್ತಿ ಎಂದು ಕೂಡ ಇಲ್ಲ.

ನಾನು ಕೇಳಿಕೊಳ್ಳುವುದು ಇದನ್ನೇ. ಆರಿಸುವುದು, ಜೋಡಿಸುವುದು, ಹೆಸರಿಡುವುದು, ನಾಲ್ಕು ಜನರ ಎದುರು ಇಟ್ಟು ಅವರ ಮಾತು ಕೇಳುವುದು, ಆಮೇಲೆ ತನ್ನ ಕೆಲಸವನ್ನು ಇನ್ನೊಮ್ಮೆ ನೋಡುವುದು, ಇಷ್ಟನ್ನೂ ಮಗುವಿಗೇ ಬಿಟ್ಟುಕೊಡಿ. ಕ್ಯಾಮೆರಾದ ಗುಂಡಿ ಒತ್ತಿದಾಗ ಕೆಲಸದ ಅರ್ಧ ಮಾತ್ರ ಆಗಿರುತ್ತದೆ.

ಒಂದು ನಾಲ್ಕನೆಯ ಕ್ಲಾಸಿನಲ್ಲಿ ನಡೆದದ್ದನ್ನು ಹೇಳುತ್ತೇನೆ. ಮನೆಯಲ್ಲಿ ಕೇಳುವ ಒಂದು ಸದ್ದು ರೆಕಾರ್ಡು ಮಾಡಿಕೊಂಡು ಬನ್ನಿ ಎಂದು ಟೀಚರು ಹೇಳಿದ್ದರು. ಕುಕ್ಕರಿನ ಸೀಟಿ, ಬಾವಿಯ ರಾಟೆ, ಅಣ್ಣನ ಬೈಕು ಎಲ್ಲ ಬಂದವು. ಒಬ್ಬಳು ಹುಡುಗಿ ತಂದ ಸದ್ದು ಯಾರಿಗೂ ತಿಳಿಯಲಿಲ್ಲ. ಕರ್ರ್, ಕರ್ರ್ ಎಂದು ಒಂದೇ ಅಳತೆಯಲ್ಲಿ ಬರುವ ಸದ್ದು. ಯಾರೋ ಕಾಗದ ಹರಿಯುವುದು ಎಂದರು, ಇನ್ನೊಬ್ಬ ಇಲಿ ಎಂದ. ಅವಳು ಎಲ್ಲದಕ್ಕೂ ತಲೆಯಾಡಿಸುತ್ತಾ ನಿಂತಿದ್ದಳು, ಹೇಳಿಬಿಡುವ ಅವಸರ ಅವಳಿಗಿರಲಿಲ್ಲ. ಕೊನೆಗೆ ಹಿಂದಿನ ಸಾಲಿನ ಹುಡುಗಿಯೊಬ್ಬಳು ಹಿಡಿದಳು: ಬೀಡಿ ಎಲೆ! ಹೌದು, ಅದು ಅವಳ ಅಮ್ಮ ತಡ್ಪೆ ಎಂಬ ಮೊರವನ್ನು ಮಡಿಲಲ್ಲಿಟ್ಟುಕೊಂಡು, ನೆನೆಸಿದ ಎಲೆಯ ಮೇಲೆ ತಗಡಿನ ಅಳತೆ ಇಟ್ಟು ಕತ್ತರಿಸುವ ಸದ್ದು. ಕ್ಲಾಸಿನ ಎಷ್ಟೋ ಮಕ್ಕಳ ಮನೆಯಲ್ಲಿ ಇರುವ ಸದ್ದೇ. ಆದರೂ ಮನೆಯಿಂದ ಹೊರಗೆ ಅದನ್ನು ಯಾರೂ ಕೇಳಿದ್ದಿಲ್ಲ.

ಟೀಚರು ಆಗಲೇ ಕಾರ್ಡಿನ ಮೇಲೆ ‘ನಮ್ಮ ಮನೆಯ ಸದ್ದುಗಳು’ ಎಂದು ಚೆಂದದ ಅಕ್ಷರದಲ್ಲಿ ಬರೆದಿಟ್ಟಿದ್ದರು. ಹುಡುಗಿಯನ್ನು ಕೇಳಿದಾಗ ಅವಳು ಇಟ್ಟ ಹೆಸರು ‘ಸಾವಿರ’. ಯಾಕೆ? ‘ಸಾವಿರ ಆದ ಮೇಲೆ ಅಮ್ಮ ಏಳುವುದು.’ ಬೀಡಿಯ ಮಜೂರಿ ಸಾವಿರದ ಲೆಕ್ಕದಲ್ಲಿ ಎಂಬುದು ಈ ಜಿಲ್ಲೆಯಲ್ಲಿ ಯಾರಿಗೆ ಗೊತ್ತಿಲ್ಲ? ಅಷ್ಟು ಗೊತ್ತಿದ್ದ ನಮ್ಮಲ್ಲಿ ಒಬ್ಬರಿಗೂ ಆ ಹೆಸರು ಹೊಳೆದಿರಲಿಲ್ಲ.

ಅಲ್ಲಿಗೇ ನಿಂತಿದ್ದರೆ ಅದು ಒಂದು ಒಳ್ಳೆಯ ಹೆಸರಿನ ಕಥೆಯಾಗುತ್ತಿತ್ತು ಅಷ್ಟೆ. ಎರಡನೆಯ ಸಲ ಕೇಳುವಾಗ ಒಬ್ಬ ಹುಡುಗ ಕೇಳಿದ: ‘ನಡುವಿನಲ್ಲಿ ಒಮ್ಮೆ ನಿಂತಿತಲ್ಲ, ಯಾಕೆ?’ ನಿಜ, ನಡುವೆ ಒಂದು ಕಡೆ ಕತ್ತರಿ ನಿಂತು ಏನೂ ಕೇಳಿಸದ ಒಂದು ಗಳಿಗೆ ಇತ್ತು. ಟೀಚರು ಮೊದಲೇ ನನ್ನ ಕಿವಿಯಲ್ಲಿ ಹೇಳಿದ್ದರು, ಅದೊಂದನ್ನು ಕಟ್ ಮಾಡಿದರೆ ಸರಿಯಾಗುತ್ತದೆ ಎಂದು. ಹುಡುಗಿ ಫೋನನ್ನು ಕಿವಿಗೆ ಹಿಡಿದು ಪುನಃ ಕೇಳಿದಳು. ಆಮೇಲೆ ತುಳುವಿನಲ್ಲಿ ಹೇಳಿದಳು: ‘ಅಪಗ ಅಮ್ಮ ಎನನ್ ತೂಯೆರ್.’ ಆಗ ಅಮ್ಮ ನನ್ನನ್ನು ನೋಡಿದರು. ಇವಳು ಏನು ಮಾಡುತ್ತಿದ್ದಾಳೆ ಎಂದು ಕೈ ನಿಲ್ಲಿಸಿ ತಲೆಯೆತ್ತಿ ನೋಡಿದ ಹೊತ್ತು ಅದು. ರೆಕಾರ್ಡು ಮಾಡುವಾಗ ಅವಳಿಗೂ ಅದು ಗಮನಕ್ಕೆ ಬಂದಿರಲಿಲ್ಲ. ಕಟ್ ಮಾಡಬೇಕಾ ಎಂದು ಟೀಚರು ಕೇಳಿದಾಗ ಬೇಡ ಎಂದಳು, ಗಟ್ಟಿಯಾಗಿ.

ತನ್ನ ಕೆಲಸದ ಬಗ್ಗೆ ಮಗು ಯೋಚಿಸುವುದು ಎಂದರೆ ನನ್ನ ಮಟ್ಟಿಗೆ ಇದೇ. ‘ಈ ಚಟುವಟಿಕೆಯಿಂದ ನಾನು ಏನು ಕಲಿತೆ’ ಎಂದು ಐದು ವಾಕ್ಯ ಬರೆಸಿದರೆ ಇದು ಬರುವುದಿಲ್ಲ. ಇನ್ನೊಬ್ಬ ಮಗು ನಿಜವಾಗಿ ತಿಳಿಯಬೇಕೆಂದು ಒಂದು ಪ್ರಶ್ನೆ ಕೇಳಬೇಕು. ಉತ್ತರ ಹುಡುಕಲಿಕ್ಕೆ ಇವಳು ತನ್ನ ಕೆಲಸಕ್ಕೇ ಹಿಂತಿರುಗಿ ಹೋಗಬೇಕು. ಹಾಗೆ ಹೋಗಿ ಬರಲಿಕ್ಕೆ ನಾವು ಸಮಯ ಕೊಡಬೇಕು.

ನಾವು ದೊಡ್ಡವರು ಮಕ್ಕಳ ಕೆಲಸ ನೋಡಿದ ಕೂಡಲೇ ಹೇಳುವ ಮಾತು ಒಂದೇ: ‘ಲಾಯ್ಕುಂಟು!’ ಪ್ರೀತಿಯಿಂದಲೇ ಹೇಳುತ್ತೇವೆ. ಆದರೆ ಅದಕ್ಕೆ ಮಗು ಏನು ಉತ್ತರ ಕೊಡಬೇಕು? ಥ್ಯಾಂಕ್ಯೂ ಎಂದು ಹೇಳಿ ಹೋಗಬೇಕು, ಅಷ್ಟೆ. ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿ ಶಿಕ್ಷಣ ವಿಭಾಗದ ಮುಖ್ಯಸ್ಥರಾಗಿದ್ದ ಫಿಲಿಪ್ ಯೆನವೈನ್ ಮತ್ತು ಮನಶ್ಶಾಸ್ತ್ರಜ್ಞೆ ಅಬಿಗೈಲ್ ಹೌಸನ್ ಸೇರಿ ಚಿತ್ರದ ಎದುರು ಮಕ್ಕಳನ್ನು ಮಾತಾಡಿಸುವ ಒಂದು ವಿಧಾನ ರೂಪಿಸಿದರು. ಅದರಲ್ಲಿ ಇರುವುದು ಬರೀ ಮೂರು ಪ್ರಶ್ನೆ. ನಮ್ಮ ಊರಿನ ಮಾತಿನಲ್ಲಿ ಹೇಳುವುದಾದರೆ: ಇದರಲ್ಲಿ ಏನು ನಡೀತಾ ಉಂಟು? ಹಾಗಂತ ನಿಂಗೆ ಯಾವುದನ್ನು ನೋಡಿ ಗೊತ್ತಾಯ್ತು? ಇನ್ನೇನು ಕಾಣ್ತದೆ? ಮೂರರಲ್ಲಿ ಎರಡನೆಯದೇ ಮುಖ್ಯ. ಬಾಯಿಗೆ ಬಂದದ್ದು ಹೇಳಿದ ಹುಡುಗ ಅದನ್ನು ಕೇಳಿದ ಕೂಡಲೇ ಪುನಃ ಚಿತ್ರದ ಹತ್ತಿರ ಹೋಗಿ ಬೆರಳಿಟ್ಟು ತೋರಿಸುತ್ತಾನೆ.

ಈ ಪ್ರಶ್ನೆಗಳ ಅಭ್ಯಾಸ ಮಕ್ಕಳ ಸ್ವಂತ ಕೆಲಸದ ಮೇಲೆಯೇ ಶುರುವಾಗಬೇಕೆಂದಿಲ್ಲ. ಶುರುವಿಗೆ ಬೇರೆಯವರ ಚಿತ್ರವಾದರೆ ಮಕ್ಕಳಿಗೆ ಸಂಕೋಚ ಕಡಿಮೆ. ಲೈಟ್‌ಹೌಸ್ ಹಿಲ್ಲಿನ ಸಂತ ಅಲೋಶಿಯಸ್ ಚಾಪೆಲಿನ ಗೋಡೆ, ಚಾವಣಿ ತುಂಬಾ ಇಟಲಿಯ ಅಂತೋನಿಯೊ ಮೊಸ್ಕೇನಿ 1899ರಿಂದ 1901ರವರೆಗೆ ಬರೆದ ಚಿತ್ರಗಳಿವೆ. ಪ್ರವಾಸ ಎಂದು ಕರೆದುಕೊಂಡು ಹೋಗಿ ಸಾಲಾಗಿ ನಿಲ್ಲಿಸಿ ಇತಿಹಾಸ ಹೇಳಿ ಹೊರಗೆ ಕರೆತರುವ ಬದಲು, ಒಂದೇ ಒಂದು ಚಿತ್ರದ ಎದುರು ಕಾಲು ಗಂಟೆ ಕೂರಿಸಿ ಈ ಮೂರು ಪ್ರಶ್ನೆ ಕೇಳಿ ನೋಡಿ. ಬಲ್ಲಾಳ್‌ಬಾಗಿನ ಕೊಡಿಯಾಲ್‌ಗುತ್ತು ಕಲಾಕೇಂದ್ರದಲ್ಲಿ ಪ್ರದರ್ಶನ ಇದ್ದಾಗಲೂ ಹಾಗೆಯೇ ಮಾಡಬಹುದು. ಬೇರೆಯವರ ಚಿತ್ರವನ್ನು ಗಮನ ಕೊಟ್ಟು ನೋಡಿದ ಮಗು, ತನ್ನ ಚಿತ್ರವನ್ನು ಬೇರೆಯವರೂ ಹಾಗೆ ನೋಡಲಿ ಎಂದು ತಾನಾಗಿ ಬಯಸುತ್ತದೆ.

ಅಮೆರಿಕದ ನೃತ್ಯ ಸಂಯೋಜಕಿ ಲಿಜ್ ಲರ್ಮನ್ ಕಲಾವಿದರಿಗಾಗಿಯೇ ಮಾಡಿದ ಒಂದು ಕ್ರಮವೂ ಉಂಟು. ಅದರಲ್ಲಿ ನೋಡಿದವರು ಮೊದಲು ತಮಗೆ ತಟ್ಟಿದ್ದನ್ನು ಹೇಳುತ್ತಾರೆ. ಆಮೇಲೆ ಕೆಲಸ ಮಾಡಿದವರೇ ನೋಡಿದವರನ್ನು ಪ್ರಶ್ನೆ ಕೇಳುತ್ತಾರೆ. ಅಭಿಪ್ರಾಯ ಹೇಳುವುದು ಕಟ್ಟಕಡೆಗೆ, ಅದೂ ಕಲಾವಿದರ ಅನುಮತಿ ಪಡೆದು. ದೊಡ್ಡವರ ಕ್ರಮ ಎಂದು ಬಿಡಬೇಡಿ, ಮೂರನೆಯ ಕ್ಲಾಸಿನಲ್ಲಿ ಇದು ಚೆಂದಕ್ಕೆ ನಡೆಯುತ್ತದೆ. ದಸರೆಯ ರಜೆ ಮುಗಿಸಿ ಬಂದ ಮಕ್ಕಳು ಮಣ್ಣಿನಲ್ಲಿ ಹುಲಿ ಮಾಡಿ ಸ್ಟಾಪ್ ಮೋಷನ್ ಮಾಡಿದ್ದರು. ಮಾಡಿದ ಹುಡುಗ ನೋಡಿದವರನ್ನು ಕೇಳಿದ ಪ್ರಶ್ನೆ ಇದು: ‘ನನ್ನ ಹುಲಿ ನಡೆಯುವುದು ಕಾಡಿನ ಹುಲಿ ಹಾಗೆ ಕಾಣ್ತದಾ, ಹುಲಿವೇಷದ ಹುಲಿ ಹಾಗೆ ಕಾಣ್ತದಾ?’ ಅವನಿಗೆ ಬೇಕಾದದ್ದು ವೇಷದ ಹುಲಿ. ಹೆಚ್ಚಿನವರು ಕಾಡಿನ ಹುಲಿ ಎಂದರು. ಒಬ್ಬಳು ಮಾತ್ರ ಎದ್ದು ಬಂದು ತಾಸೆಯ ಪೆಟ್ಟಿಗೆ ಕಾಲು ಎಲ್ಲಿ ಬೀಳಬೇಕು ಎಂದು ಕುಣಿದೇ ತೋರಿಸಿದಳು. ಹುಡುಗ ಮುಂದಿನ ವಾರ ಪೂರ್ತಿ ನಡಿಗೆಯನ್ನು ಹೊಸದಾಗಿ ಮಾಡಿದ. ಸೆಕೆಂಡಿಗೆ 12 ಫೋಟೊ ಎಂದು ಹಿಡಿದರೆ ಹತ್ತು ಸೆಕೆಂಡಿನ ಸಿನಿಮಾಕ್ಕೆ 120 ಸಲ ಗೊಂಬೆ ಸರಿಸಬೇಕು. ಅಷ್ಟು ಸಲ ಒಂದು ಕಾಲನ್ನು ಎತ್ತಿ ಇಟ್ಟ ಹುಡುಗನಿಗೆ ಹುಲಿಯ ನಡಿಗೆಯ ಬಗ್ಗೆ ಹೇಳಲಿಕ್ಕೆ ಬೇಕಾದಷ್ಟು ಇರುತ್ತದೆ. ಕೇಳುವವರು ಬೇಕು. ಇಂಥ ಸಿನಿಮಾ ತೋರಿಸುವಾಗ ಪರದೆಯ ಪಕ್ಕ ಒಂದು ಮೇಜಿನ ಮೇಲೆ ಆ ಮಣ್ಣಿನ ಹುಲಿಯನ್ನೂ, ಮೊದಲ ಸಲದ ಕೆಟ್ಟುಹೋದ ನಡಿಗೆಯ ಫೋಟೊಗಳನ್ನೂ ಇಡಿ. ನೋಡುವವರ ಪ್ರಶ್ನೆಗಳು ಅಲ್ಲಿಂದಲೇ ಹುಟ್ಟುತ್ತವೆ.

ಇನ್ನು ಭಾಷೆ. ಇದು ನಮ್ಮ ಊರಿನ ವಿಶೇಷ, ಹಾಗಾಗಿ ಸ್ವಲ್ಪ ಹೆಚ್ಚು ಬರೆಯುತ್ತೇನೆ. ನಿಮ್ಮ ಕ್ಲಾಸಿನ ಬೆಂಚುಗಳಲ್ಲಿ ತುಳು, ಬ್ಯಾರಿ, ಕೊಂಕಣಿ, ಮಲಯಾಳಂ, ಹಿಂದಿ, ಉತ್ತರ ಕರ್ನಾಟಕದ ಕನ್ನಡ ಎಲ್ಲವೂ ಕೂತಿರುತ್ತವೆ. ಪಾಠ ಕನ್ನಡದಲ್ಲೋ ಇಂಗ್ಲಿಷಿನಲ್ಲೋ ನಡೆಯಲಿ, ಆದರೆ ಮಗು ತನ್ನ ಚಿತ್ರದ ಬಗ್ಗೆ ಹೇಳುವಾಗ ಮನೆಯ ಮಾತಿನಲ್ಲಿ ಹೇಳಲಿ. ಮೇಲೆ ಹೇಳಿದ ಹುಡುಗಿ ಅಮ್ಮನ ನೋಟದ ಮಾತನ್ನು ಕನ್ನಡಕ್ಕೆ ತಿರುಗಿಸಿ ಹೇಳಬೇಕಾಗಿದ್ದಿದ್ದರೆ ಪ್ರಾಯಶಃ ಹೇಳುತ್ತಲೇ ಇರಲಿಲ್ಲ. ತುಳು ಮತ್ತು ಕೊಂಕಣಿಗೆ 1994ರಲ್ಲಿ, ಬ್ಯಾರಿಗೆ 2007ರಲ್ಲಿ ಅಕಾಡೆಮಿಗಳಾದವು. ಆ ಗೌರವ ನಾಲ್ಕನೆಯ ಕ್ಲಾಸಿನ ಕೋಣೆಗೂ ಬರಬೇಕಲ್ಲ. ಅರ್ಥವಾಗದ ಮಕ್ಕಳಿಗೆ ಪಕ್ಕದ ಮಗುವೇ ಹೇಳಿಕೊಡುತ್ತದೆ, ಆ ವಿದ್ಯೆ ಮಂಗಳೂರಿನ ಮಕ್ಕಳಿಗೆ ಹುಟ್ಟಿನಿಂದಲೇ ಉಂಟು.

ಒಬ್ಬ ಹುಡುಗನ ತಂದೆ ತಾಯಿ ಬಾಗಲಕೋಟೆ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು. ಅವನು ತೆಗೆದ ಫೋಟೊದಲ್ಲಿ ಕಟ್ಟುತ್ತಿರುವ ದೊಡ್ಡ ಅಪಾರ್ಟ್‌ಮೆಂಟು, ಕೆಳಗಿನಿಂದ ಕತ್ತೆತ್ತಿ ತೆಗೆದದ್ದು. ಮಾತಾಡಲಿಕ್ಕೆ ಹೇಳಿದಾಗ ಅವನು ಹೇಳಿದ್ದು: ‘ಇದರಾಗ ನಮ್ಮಪ್ಪ ಅದಾನ. ಕಾಣಂಗಿಲ್ಲ. ಒಳಗ ಪ್ಲಾಸ್ಟರ್ ಮಾಡಾಕತ್ತಾನ.’ ‘ಮಾಡಾಕತ್ತಾನ’ ಎಂಬುದಕ್ಕೆ ಕ್ಲಾಸಿನಲ್ಲಿ ನಾಲ್ಕೈದು ಮಂದಿ ನಕ್ಕರು. ಹುಡುಗ ಅಲ್ಲಿಗೇ ನಿಲ್ಲಿಸಿದ. ಆ ಟೀಚರು ಆಗ ಮಾಡಿದ ಕೆಲಸಕ್ಕೆ ನಾನು ಕೈಮುಗಿಯುತ್ತೇನೆ. ಅವರು ನಕ್ಕವರನ್ನು ಗದರಿಸಲಿಲ್ಲ, ಹುಡುಗನಿಗೆ ಸಮಾಧಾನ ಹೇಳಲೂ ಹೋಗಲಿಲ್ಲ. ‘ಅಪ್ಪ ಯಾವ ಕಿಟಕಿಯ ಒಳಗೆ ಇರಬಹುದು, ಎಲ್ಲರೂ ಬಂದು ನೋಡಿ’ ಎಂದರು. ನಕ್ಕವರೂ ಸೇರಿ ಇಡೀ ಕ್ಲಾಸು ಫೋಟೊದ ಸುತ್ತ ಬಂತು. ಸಾರಣೆಯಾದ ಕಿಟಕಿಗಳು ಯಾವುವು, ಆಗದ್ದು ಯಾವುವು ಎಂದು ಲೆಕ್ಕ ನಡೆಯಿತು. ಹುಡುಗ ಬೆರಳಿಟ್ಟು ತೋರಿಸುತ್ತಾ ಅವನದೇ ಮಾತಿನಲ್ಲಿ ಎಷ್ಟು ಹೊತ್ತು ವಿವರಿಸಿದ ಎಂದರೆ ಬಿಸಿಯೂಟದ ಗಂಟೆ ಆದದ್ದೇ ಯಾರಿಗೂ ಗೊತ್ತಾಗಲಿಲ್ಲ. ಮಗುವಿಗೆ ಧೈರ್ಯ ಹೇಳಿ ಮಾತಿಗೆ ನಿಲ್ಲಿಸುವುದರಷ್ಟೇ, ಎದುರು ಕೂತವರನ್ನು ಕೇಳಲಿಕ್ಕೆ ತಯಾರು ಮಾಡುವುದೂ ನಮ್ಮ ಕೆಲಸ.

ವೇದಿಕೆಯ ಮೇಲೆ ಬಾಯಿಪಾಠದ ಭಾಷಣ ಬೇಡ ಎಂದು ನಾನು ಹೇಳಿದರೆ, ಮಕ್ಕಳು ತಡವರಿಸಿದರೆ ಪೋಷಕರು ಏನೆಂದಾರು ಎಂದು ನೀವು ಕೇಳುತ್ತೀರಿ. ನಾವು ತಾಳಮದ್ದಳೆಯ ನಾಡಿನವರು. ಭಾಗವತರು ಹಾಡುವ ಪದ್ಯ ಬರೆದಿಟ್ಟದ್ದು. ಆಮೇಲೆ ಅರ್ಥಧಾರಿ ಆಡುವ ಮಾತು ಆ ರಾತ್ರಿ, ಆ ಎದುರಾಳಿಯ ಮಾತಿಗೆ, ಅಲ್ಲಿಯೇ ಹುಟ್ಟಿದ್ದು. ಅದಕ್ಕಾಗಿಯೇ ಜನ ನಿದ್ದೆಗೆಟ್ಟು ಕೂರುತ್ತಿದ್ದರು. ಮಕ್ಕಳ ವಿಷಯ ಬಂದಾಗ ಮಾತ್ರ ಅಚ್ಚುಕಟ್ಟಾಗಿ ಬರೆದುಕೊಟ್ಟದ್ದನ್ನು ಉಸಿರು ಬಿಡದೆ ಒಪ್ಪಿಸಿದರೆ ನಮಗೆ ಸಮಾಧಾನ. ತಡವರಿಸಲಿ. ನಡುವೆ ನಿಲ್ಲಿಸಿ ಯೋಚಿಸಲಿ. ಯೋಚಿಸುವ ಮಗುವನ್ನು ನೋಡುವ ಅವಕಾಶ ಪೋಷಕರಿಗೆ ಎಲ್ಲಿ ಸಿಗುತ್ತದೆ?

ಎಲ್ಲ ಮಕ್ಕಳೂ ಮೈಕು ಹಿಡಿಯಬೇಕೆಂದಿಲ್ಲ. ನಾಚಿಕೆಯ ಮಗು ತನ್ನ ಮಾತನ್ನು ಮೊದಲೇ ರೆಕಾರ್ಡು ಮಾಡಿ ಇಡಬಹುದು. ಫೋಟೊದ ಪಕ್ಕ ಸ್ಟೂಲು ಹಾಕಿ ಕೂತು, ಹತ್ತಿರ ಬಂದು ಕೇಳಿದವರಿಗೆ ಮಾತ್ರ ಹೇಳಬಹುದು. ಜೋಡಿಯಾಗಿ ನಿಂತು ಒಬ್ಬರು ಇನ್ನೊಬ್ಬರ ಕೆಲಸವನ್ನು ಪರಿಚಯಿಸುವುದೂ ಆಗುತ್ತದೆ, ಇದು ಸುಮಾರು ಮಕ್ಕಳಿಗೆ ಖುಷಿ. ತೋರಿಸುವುದೇ ಬೇಡ ಎನ್ನುವ ಮಗುವಿಗೆ ಆ ಹಕ್ಕೂ ಇರಲಿ. ಮನೆಯಲ್ಲಿ ಏನೋ ನಡೆದಿರುತ್ತದೆ, ಆ ಚಿತ್ರದಲ್ಲಿ ಅದು ಬಂದಿರುತ್ತದೆ. ಟೀಚರು ಒಬ್ಬರೇ ನೋಡಿದರೂ ಸಾಕಾಗುತ್ತದೆ ಅಂಥ ಕೆಲಸಕ್ಕೆ.

ಮಕ್ಕಳ ಮಾತನ್ನು ಬರೆದಿಡುವ ವಿಷಯದಲ್ಲಿ ಇಟಲಿಯ ರೆಜಿಯೊ ಎಮಿಲಿಯಾ ಎಂಬ ಪಟ್ಟಣದ ಶಾಲೆಗಳನ್ನು ನೆನೆಯದೆ ಇರಲಿಕ್ಕೆ ಆಗುವುದಿಲ್ಲ. ಎರಡನೆಯ ಮಹಾಯುದ್ಧ ಮುಗಿದ ಕೂಡಲೇ ಅಲ್ಲಿನ ತಂದೆತಾಯಿಗಳು ತಮ್ಮ ಕೈಯಾರೆ ಕಟ್ಟಿದ ಶಿಶುಶಾಲೆಯಿಂದ ಶುರುವಾಗಿ, ಲೋರಿಸ್ ಮಲಗುಝಿ ಎಂಬ ಶಿಕ್ಷಕರ ಮುಂದಾಳತ್ವದಲ್ಲಿ ಬೆಳೆದ ಶಾಲೆಗಳವು. ಅಲ್ಲಿನ ಟೀಚರುಗಳು ಮಗು ಕೆಲಸ ಮಾಡುವಾಗ ಆಡಿದ ಮಾತನ್ನು ಇದ್ದ ಹಾಗೆಯೇ ಬರೆದುಕೊಂಡು, ಚಿತ್ರದ ಜೊತೆಗೆ ಗೋಡೆಗೆ ಹಾಕುತ್ತಾರೆ. ಅಮೆರಿಕದ ಛಾಯಾಗ್ರಾಹಕಿ ವೆಂಡಿ ಇವಾಲ್ಡ್ ಕೆಂಟಕಿಯ ಬೆಟ್ಟದೂರುಗಳ ಶಾಲೆಗಳಲ್ಲಿ ಮಕ್ಕಳ ಕೈಗೆ ಕ್ಯಾಮೆರಾ ಕೊಟ್ಟು, ಅವರ ಫೋಟೊಗಳನ್ನು ಅವರದೇ ಮಾತುಗಳೊಂದಿಗೆ 1985ರಲ್ಲಿ ಪುಸ್ತಕ ಮಾಡಿದರು. ಮುಂದೆ ಗುಜರಾತಿನ ಹಳ್ಳಿಯೊಂದರ ಮಕ್ಕಳ ಜೊತೆಗೂ ಅವರು ಹೀಗೆ ಕೆಲಸ ಮಾಡಿದ್ದಾರೆ. ಫೋಟೊ ಒಂದೇ ಇದ್ದರೆ ನಾವು ನಮಗೆ ಬೇಕಾದ ಹಾಗೆ ಓದಿಕೊಳ್ಳುತ್ತೇವೆ. ಪಕ್ಕದಲ್ಲಿ ಮಗುವಿನ ಎರಡು ಸಾಲು ಇದ್ದರೆ ಹಾಗೆ ಓದಲಿಕ್ಕಾಗುವುದಿಲ್ಲ.

ನಮಗೆ ಇದಕ್ಕಾಗಿ ಹೊಸ ರಿಜಿಸ್ಟರು ಬೇಡ. ಮಗುವಿನ ಕೆಲಸಗಳನ್ನು ಸೇರಿಸಿಡುವ ಕೃತಿಸಂಪುಟ ಹೇಗೂ ಉಂಟು. ಅದರಲ್ಲಿ ಒಂದು ಪ್ರಿಂಟು ಅಂಟಿಸಿ, ಕೆಳಗೆ ತಾರೀಕು ಹಾಕಿ, ಮಗು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯಿರಿ, ‘ಅದಾನ’ ಇದ್ದರೆ ‘ಅದಾನ’ ಎಂದೇ. ತಿದ್ದಬೇಡಿ. ಮೂರು ತಿಂಗಳ ನಂತರ ಅದೇ ಪುಟ ತೆಗೆದು ಅವನನ್ನೇ ಕೇಳಿ: ಈಗ ತೆಗೆಯುವುದಾದರೆ ಏನು ಬೇರೆ ಮಾಡುತ್ತಿ? ಆ ಉತ್ತರವನ್ನೂ ಕೆಳಗೆ ಬರೆಯಿರಿ.

ತೋರಿಸುವ ಜಾಗದ ಬಗ್ಗೆ ಎರಡು ಮಾತು. ಸದ್ದಿನ ಕೆಲಸವನ್ನು ಜಗಲಿಯಲ್ಲೋ ಶಾಮಿಯಾನದಲ್ಲೋ ಕೇಳಿಸಲಿಕ್ಕೆ ಹೋಗಬೇಡಿ, ಏನೂ ಕೇಳುವುದಿಲ್ಲ. ಒಂದು ಕ್ಲಾಸು ಕೋಣೆ, ಚಾಪೆ, ಮುಚ್ಚಿದ ಕಿಟಕಿ, ಒಂದು ಸಾಧಾರಣ ಸ್ಪೀಕರು ಸಾಕು. ಫೋಟೊಗಳನ್ನು ಸ್ಟುಡಿಯೊದಲ್ಲಿ ಪ್ರಿಂಟು ಹಾಕಿಸಿ, ಹಗ್ಗ ಕಟ್ಟಿ ಬಟ್ಟೆಯ ಕ್ಲಿಪ್ಪಿನಲ್ಲಿ ತೂಗಿಸಿ. ನಿಮ್ಮ ಕಣ್ಣಿನ ಎತ್ತರಕ್ಕೆ ಬೇಡ, ಮೂರನೆಯ ಕ್ಲಾಸಿನವರ ಕಣ್ಣಿನ ಎತ್ತರಕ್ಕೆ. ಮಳೆಗಾಲದಲ್ಲಿ ನಮ್ಮ ಹವೆಗೆ ಪ್ರಿಂಟುಗಳು ಮುರುಟುತ್ತವೆ, ಆದ್ದರಿಂದ ರಟ್ಟಿಗೆ ಅಂಟಿಸಿಯೇ ಹಾಕಿ. ತೂಗಿಸುವ ಮೊದಲು ಮಗು ತನ್ನ ಎಲ್ಲ ಪ್ರಿಂಟುಗಳನ್ನು ನೆಲದ ಮೇಲೆ ಹರಡಿಕೊಂಡು ಐದನ್ನು ಆರಿಸಲಿ, ಯಾವುದರ ಪಕ್ಕ ಯಾವುದು ಎಂದು ಇಟ್ಟು ನೋಡಲಿ. ಈ ನೆಲದ ಮೇಲಿನ ಅರ್ಧ ಗಂಟೆಯನ್ನು ಮಾತ್ರ ಯಾವ ಕಾರಣಕ್ಕೂ ಬಿಡಬೇಡಿ. ನಿಮ್ಮ ಕೈ ಮುಂದೆ ಹೋಗುತ್ತದೆ, ಇದನ್ನು ತೆಗೆ, ಅದು ಮಬ್ಬಾಗಿದೆ ಎಂದು. ತಡೆದುಕೊಳ್ಳಿ. ಓಡುವ ತಮ್ಮನ ಮಬ್ಬು ಫೋಟೊವೇ ಅವಳಿಗೆ ಬೇಕಾಗಿರಬಹುದು, ಅವನು ಓಡುತ್ತಿದ್ದಾನೆ ಎಂದು ಗೊತ್ತಾಗುವುದು ಅದರಲ್ಲಿ ಮಾತ್ರ.

ಪೋಷಕರನ್ನು ಕರೆಯಿರಿ, ಎಸ್‌ಡಿಎಂಸಿಯವರನ್ನೂ ಕರೆಯಿರಿ. ಆದರೆ ಒಂದು ಷರತ್ತು ಹಾಕಿ, ಮಕ್ಕಳು ಮಾತಾಡುವ ಅಷ್ಟು ಹೊತ್ತು ಅವರವರ ಫೋನು ಅವರವರ ಕಿಸೆಯಲ್ಲಿ. ತನ್ನ ಮಾತನ್ನು ಅಪ್ಪ ಫೋನಿನ ಹಿಂದಿನಿಂದ ನೋಡುತ್ತಿದ್ದಾರೋ ಕಣ್ಣಿನಿಂದಲೋ ಎಂಬುದು ಮಕ್ಕಳಿಗೆ ಚೆನ್ನಾಗಿ ಗೊತ್ತಾಗುತ್ತದೆ. ಸ್ಟೇಟಸ್ಸಿನ ವಿಷಯದಲ್ಲೂ ಜಾಗ್ರತೆ ಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಹದಿನೆಂಟರ ಕೆಳಗಿನವರ ಮಾಹಿತಿಗೆ ಪೋಷಕರ ಒಪ್ಪಿಗೆ ಬೇಕು ಎನ್ನುತ್ತದೆ. ಅದರ ಜೊತೆಗೆ ಮಗುವನ್ನೂ ಕೇಳಿ. ಬೀಡಿ ಕಟ್ಟುವ ಅಮ್ಮನ ಸದ್ದು ಕ್ಲಾಸಿನಲ್ಲಿ ಕೇಳಿಸಲಿಕ್ಕೆ ಅವಳು ಒಪ್ಪಿದ್ದು, ಊರಿಡೀ ಹರಡಲಿಕ್ಕೆ ಒಪ್ಪಿದ ಹಾಗಾಗುವುದಿಲ್ಲ. ಅಮ್ಮನ ಒಪ್ಪಿಗೆಯೂ ಬೇಕು. ದಕ್ಕೆಯಲ್ಲಿ ಮೀನು ಮಾರುವ ಅಕ್ಕನ ಫೋಟೊ ತೆಗೆಯುವ ಮೊದಲು ‘ತೆಗೆಯಲಾ’ ಎಂದು ಕೇಳುವುದನ್ನು ಮಕ್ಕಳು ನಿಮ್ಮನ್ನು ನೋಡಿಯೇ ಕಲಿಯಬೇಕು.

ಬಹುಮಾನ ಬೇಡ. ಈ ಮಾತಿಗೆ ನಿಮ್ಮಲ್ಲಿ ಕೆಲವರು ಒಪ್ಪಲಿಕ್ಕಿಲ್ಲ. ಪ್ರತಿಭಾ ಕಾರಂಜಿ ಎಷ್ಟೋ ಬಡ ಮಕ್ಕಳನ್ನು ಕ್ಲಸ್ಟರಿನಿಂದ ರಾಜ್ಯಮಟ್ಟದವರೆಗೆ ಕರೆದುಕೊಂಡು ಹೋಗಿದೆ, ಅದರ ಬಗ್ಗೆ ನನಗೆ ಗೌರವ ಉಂಟು. ಅದು ಸ್ಪರ್ಧೆ, ಅಲ್ಲಿ ಪ್ರಥಮ ದ್ವಿತೀಯ ಇರಲಿ. ನಾನು ಹೇಳುತ್ತಿರುವ ಈ ಕೂಟಕ್ಕೆ ತೀರ್ಪುಗಾರರು ಕಾಲಿಟ್ಟರೆ ಮಕ್ಕಳ ಪ್ರಶ್ನೆಗಳೇ ಬದಲಾಗುತ್ತವೆ. ‘ಯಾಕೆ ನಿಂತಿತು’ ಎಂದು ಕೇಳಿದ ಹುಡುಗ, ಯಾರಿಗೆ ಫಸ್ಟು ಎಂದು ಕೇಳಲಿಕ್ಕೆ ಶುರು ಮಾಡುತ್ತಾನೆ.

ಮಕ್ಕಳ ಈ ಚಿತ್ರ, ಸದ್ದು, ಮಾತಿನ ಕೆಲಸಕ್ಕೆ ಕರಾವಳಿಯಲ್ಲಿ ಬೇರು ಇಲ್ಲದಿಲ್ಲ. ಹರ್ಮನ್ ಮೊಗ್ಲಿಂಗ್ 1843ರ ಜುಲೈ 1ರಂದು ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು ಕಲ್ಲಚ್ಚಿನಲ್ಲಿ ಹೊರತಂದದ್ದು ಇದೇ ಊರಿನಿಂದ. ಶಿವರಾಮ ಕಾರಂತರು 1930ರ ಆಸುಪಾಸಿನಲ್ಲೇ ಮೂಕಿಚಿತ್ರ ತೆಗೆದವರು, ಪುತ್ತೂರಿನ ಬಾಲವನದಲ್ಲಿ ಮಕ್ಕಳಿಗೆ ಆಟ, ನಾಟಕಗಳ ಮೂಲಕ ಕಲಿಸಲು ಹೊರಟವರು. ಕದ್ರಿಯಲ್ಲಿ ಆಕಾಶವಾಣಿ 1976ರಿಂದ ಇದೆ. ಸಂತ ಅಲೋಶಿಯಸ್ ಸಂಸ್ಥೆಯ ಸಮುದಾಯ ಬಾನುಲಿ ರೇಡಿಯೊ ಸಾರಂಗ್ 2009ರಿಂದ ಈ ಊರಿನ ಹಲವು ಭಾಷೆಗಳಲ್ಲಿ ಮಾತಾಡುತ್ತಿದೆ. ಮಕ್ಕಳ ಸದ್ದಿನ ಕೆಲಸವನ್ನು, ಮಕ್ಕಳ ಮಾತಿನೊಂದಿಗೆ, ಈ ಬಾನುಲಿಯವರ ಬಳಿಗೆ ಒಯ್ದು ಕೇಳಿ ನೋಡಲು ಅಡ್ಡಿಯೇನು? ಜುಲೈ 1ರ ಪತ್ರಿಕಾ ದಿನಕ್ಕೆ ಭಾಷಣಕ್ಕೆ ಬದಲು ಮಕ್ಕಳ ಫೋಟೊಗಳ ಒಂದು ಗೋಡೆ ಮಾಡಬಹುದು.

ಸಮಯ ಎಲ್ಲಿಂದ ತರುವುದು ಎಂದು ನೀವು ಕೇಳುವುದು ನ್ಯಾಯವೇ. ಸಮೀಕ್ಷೆ, ಮತದಾರರ ಪಟ್ಟಿ, ಮೊಟ್ಟೆಯ ಲೆಕ್ಕ, ಆನ್‌ಲೈನ್ ಎಂಟ್ರಿ ಎಲ್ಲ ನಿಮ್ಮ ತಲೆಯ ಮೇಲೆಯೇ. ಕೆಲವು ಶಾಲೆಗಳಲ್ಲಿ ಇಬ್ಬರೇ ಟೀಚರು ಐದು ಕ್ಲಾಸು ನೋಡುತ್ತಿದ್ದೀರಿ. ಹಾಗಾಗಿ ನಾನು ಕೇಳುವುದು ತಿಂಗಳಿಗೆ ಒಂದು ಶನಿವಾರ ಬೆಳಗ್ಗೆ, ಬ್ಯಾಗಿಲ್ಲದ ಸಂಭ್ರಮ ಶನಿವಾರವೇ ಆಗಲಿ, ನಾಲ್ಕು ಮಕ್ಕಳ ಕೆಲಸ ಮಾತ್ರ. ಒಂದೊಂದಕ್ಕೆ ಹತ್ತು ನಿಮಿಷ. ಎಲ್ಲರ ಸರದಿ ವರ್ಷದೊಳಗೆ ಬರದಿದ್ದರೆ ಮುಂದಿನ ವರ್ಷಕ್ಕೆ ಬರಲಿ. ನಲವತ್ತು ಮಕ್ಕಳನ್ನು ಒಂದೇ ದಿನ ಮುಗಿಸುವುದಕ್ಕಿಂತ ನಾಲ್ವರನ್ನು ಪೂರ್ತಿ ಕೇಳುವುದೇ ಮೇಲು ಎಂದು ನನ್ನ ಖಚಿತ ಅಭಿಪ್ರಾಯ. ಸ್ಕೂಲ್ ಡೇಯಲ್ಲಿ ವಿಡಿಯೊ ಹಾಕುವುದೇ ಆದರೆ ಹಿನ್ನೆಲೆ ಸಂಗೀತ ತೆಗೆದು, ಮಕ್ಕಳ ದನಿಯನ್ನೇ ಅದರ ಮೇಲೆ ಹಾಕಿ.

ಯಾವುದಾದರೂ ಶನಿವಾರ ನಿಮ್ಮ ಶಾಲೆಯಲ್ಲಿ ಇದನ್ನು ಮಾಡುವಿರಾದರೆ ನನಗೂ ಹೇಳಿಕಳುಹಿಸಿ. ಸುರತ್ಕಲ್ಲಿನಿಂದ ಉಳ್ಳಾಲದವರೆಗೆ ಎಲ್ಲಿಯಾದರೂ ಸರಿ, ಬಂದು ಚಾಪೆಯ ಮೇಲೆ ಮಕ್ಕಳ ಸಾಲಿನಲ್ಲಿ ಕೂರುತ್ತೇನೆ. ಸ್ಪೀಕರು ಇಲ್ಲದಿದ್ದರೆ ನಾನೇ ತರುತ್ತೇನೆ, ಹಗ್ಗ ಮತ್ತು ಕ್ಲಿಪ್ಪನ್ನೂ.

ಇತಿ ನಿಮ್ಮ,
ಮಕ್ಕಳೊಂದಿಗೆ ಚಿತ್ರ ಮತ್ತು ಧ್ವನಿಯ ಕೆಲಸ ಮಾಡುವ ಒಬ್ಬ ಮಂಗಳೂರಿಗ